ಕಂಬಳಿ ಮುತ್ಯಾನ ಶಾಸ್ತ್ರ

ಮುತ್ಯಾ ತೀರಿಕೊಂಡ ಸುದ್ದಿ ನನಗೆ ಒಂದೂವರೆ ತಿಂಗಳು ತಡವಾಗಿ ತಿಳಿಯಿತು, ಅದೂ ಪರದೆ ಬಟ್ಟೆಯ ಬಣ್ಣ ಆರಿಸುವ ಹೊತ್ತಿನಲ್ಲಿ. ದಾಮರಗಿದ್ದದ ಒಂದು ಕುರುಬರ ಮನೆಯವರು ಮಗಳ ಮದುವೆಯ ಮಾತಾಡಲು ನಾರಾಯಣಪೇಟೆಯ ನನ್ನ ಅಂಗಡಿಗೆ ಬಂದಿದ್ದರು. ಹಂದರ, ಹೂವು, ಊಟ ಎಲ್ಲ ಮಾತಾಗಿ, "ಕಂಬಳಿ ಹಾಸಾಕ ಯಾರನ್ನ ಕರಸ್ಲಿ?" ಎಂದು ಕೇಳಿದೆ. "ನಮ್ಮೂರ ಮುತ್ಯಾ ಇದ್ದಿದ್ರ ಈ ಮಾತ ಬರ್ತಿರಲಿಲ್ರಿ. ಹ್ವಾದ್ರಲ್ಲ" ಎಂದರು. ನಾನು ತಲೆಯಾಡಿಸಿ ಬಟ್ಟೆ ತೋರಿಸುವುದನ್ನು ಮುಂದುವರಿಸಿದೆ. ಅವರು ಎದ್ದು ಹೋದ ಮೇಲೆ ಬಿಚ್ಚಿದ ಬಟ್ಟೆಗಳನ್ನು ಮಡಚಲು ಕೈ ಏಳಲಿಲ್ಲ. ನಾಲ್ಕು ವರ್ಷದಿಂದ ಆ ಮನುಷ್ಯನನ್ನು ನಾನು ಬೈಯುತ್ತಿದ್ದೆ, ಇಲ್ಲವೇ ಅವರ ಕತೆ ಹೇಳಿ ಮಂದಿಯನ್ನು ನಗಿಸುತ್ತಿದ್ದೆ. ದುಃಖಪಡುವ ಅಭ್ಯಾಸ ಅವರ ವಿಷಯದಲ್ಲಿ ನನಗಿರಲಿಲ್ಲ.

ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಂಬಳಿ ಮುತ್ಯಾ ಎಂದರೆ ಮಕ್ತಲದಿಂದ ಗಟ್ಟುವರೆಗಿನ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಕುರುಬರ ಮದುವೆಯಲ್ಲಿ ಹೆಣ್ಣುಗಂಡು ಕೂರುವ ಮೊದಲು ಕರಿ ಕಂಬಳಿ ಹಾಸಿ, ಕುಲದೇವರು ಬೀರಪ್ಪನನ್ನು ನೆನೆದು ಅದರ ಮೇಲೆ ಭಂಡಾರದ ಅರಿಶಿನ ಉದುರಿಸುವುದು ಅವರ ಕೆಲಸ. ಎತ್ತರದ ಆಳು, ಕುತ್ತಿಗೆ ಮಾತ್ರ ಮುಂದಕ್ಕೆ ಬಾಗಿತ್ತು. ಮೈಯಿಂದ ಸದಾ ಉಣ್ಣೆಯ ವಾಸನೆ. "ಇಲ್ಲ" ಎನ್ನಬೇಕಾದಾಗ ಹೆಗಲ ಮೇಲಿನ ಟವೆಲು ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಳ್ಳುವರು. "ಹೌದು" ಎನ್ನುವುದಕ್ಕೆ ಯಾವ ಗುರುತೂ ಇರಲಿಲ್ಲ, ನಾವೇ ಅರ್ಥ ಮಾಡಿಕೊಳ್ಳಬೇಕು.

ನಮ್ಮ ಮೊದಲ ಭೇಟಿಯೇ ಜಗಳ. ಮಕ್ತಲದ ಒಂದು ಮದುವೆಯಲ್ಲಿ ನಾನು ಹಂದರದ ಅಲಂಕಾರ ಮಾಡಿದ್ದೆ, ಬರೀ ಅಲಂಕಾರ ಅಷ್ಟೇ. ತಿಳಿಗುಲಾಬಿ ಪರದೆ, ಬಿಳಿ ಹೂವು, ಎಲ್ಲ ಒಂದಕ್ಕೊಂದು ಒಪ್ಪುವಂತೆ. ಅದರ ನಟ್ಟನಡುವೆ ಈ ಮನುಷ್ಯ ಬಂದು ಕರ್ರಗಿನ ಕಂಬಳಿ ಹಾಸಿದರು. ಫೋಟೋ ಕೆಡುತ್ತದೆಂದು ನನಗೆ ಉರಿದುಹೋಯಿತು.

"ಮುತ್ಯಾ, ಜರಾ ಹಿಂದಕ್ಕ ಸರಿಸ್ರಿ. ಕಲರ್ ಮ್ಯಾಚ್ ಆಗವಲ್ದು."

ಅವರು ನನ್ನ ಪರದೆ ನೋಡಿದರು, ಕಂಬಳಿ ನೋಡಿದರು, ಟವೆಲು ಕೊಡವಿದರು. "ಮ್ಯಾಚ್ ಆಗಬೇಕಂದ್ರ ನಿನ್ನ ಪರದಾ ಬದ್ಲಿ ಮಾಡವ್ವ. ಕಂಬಳಿ ಮೊದ್ಲ ಬಂದೈತಿ."

ಬದಲಿಸಿದೆ! ಯಾಕೆ ಬದಲಿಸಿದೆನೋ ಈಗಲೂ ಗೊತ್ತಿಲ್ಲ. ಗೊಣಗುತ್ತಲೇ ಗುಲಾಬಿ ಬಟ್ಟೆ ಇಳಿಸಿ, ಮನೆಯಿಂದ ತಂದಿದ್ದ ಅರಿಶಿನ ಬಣ್ಣದ ನಾರಾಯಣಪೇಟೆ ಸೀರೆಗಳನ್ನು ಇಳಿಬಿಟ್ಟೆ. ಕರಿ ಕಂಬಳಿಯ ಹಿಂದೆ ಅವು ಎಷ್ಟು ಚೆಂದ ಕಂಡವೆಂದರೆ ಹೆಣ್ಣಿನ ಕಡೆಯವರು ಅಡುಗೆ ಬಿಟ್ಟು ನೋಡಲು ಬಂದರು. ಮುತ್ಯಾ ಊಟಕ್ಕೆ ನನ್ನ ಪಕ್ಕದಲ್ಲಿ ಕೂತು, ಎಲೆಯಲ್ಲಿದ್ದ ಪನೀರ್ ತುಂಡನ್ನು ಬೆರಳಲ್ಲಿ ಒತ್ತಿ, "ಇದು ಕೆಟ್ಟ ಹಾಲೋ, ಬೇಕಂತ ಕೆಡಿಸಿದ ಹಾಲೋ?" ಎಂದು ಕೇಳಿದರು. ಅಲ್ಲಿಂದ ನಮ್ಮ ಸ್ನೇಹ.

ಆಗ ನನ್ನ ಸ್ಥಿತಿ ಹೇಗಿತ್ತೆಂದು ಹೇಳಬೇಕು. ಮನೆಯ ಮುಂದೆ "ವೆಡ್ಡಿಂಗ್ ಪ್ಲಾನರ್" ಎಂದು ಬೋರ್ಡು ಹಾಕಿ ವರ್ಷವಾಗಿತ್ತು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ, "ಮೊದ್ಲು ಮಾಡಿಸಿದ ಮದುವಿ ತೋರಸ್ರಿ." ತೋರಿಸಲು ಏನಿತ್ತು? ಒಂದು ತೊಟ್ಟಿಲ ಕಾರ್ಯಕ್ರಮ, ಎರಡು ಸ್ವಾಗತ ಕಮಾನು, ಮಕ್ತಲದ ಆ ಹಂದರ. ಇಡೀ ಮದುವೆಯೊಂದನ್ನು ನಾನೇ ನಿಂತು ನಡೆಸಿದ್ದಕ್ಕೆ ಒಂದು ಫೋಟೋ ಇಲ್ಲ. ಕೆಲಸ ಕೊಡುವವರು ಫೋಟೋ ಕೇಳುತ್ತಾರೆ, ಫೋಟೋ ಬೇಕೆಂದರೆ ಕೆಲಸ ಸಿಗಬೇಕು. ಈ ಸುತ್ತಿನೊಳಗೆ ಬಿದ್ದವಳಿಗೆ ಹೊರಗೆ ಬರುವ ದಾರಿಯೇ ಕಾಣುತ್ತಿರಲಿಲ್ಲ.

ಇತ್ತ ಮನೆಯಲ್ಲಿ ನನ್ನದೇ ಮದುವೆಯ ಮಾತು. ಅಪ್ಪ ನೇಕಾರ. ಅವರು ನೇಯ್ದ ಸೀರೆಗಳೆಲ್ಲ ಹೋಗುತ್ತಿದ್ದುದು ಗದ್ವಾಲದ ಒಂದೇ ಅಂಗಡಿಗೆ. ಆ ಅಂಗಡಿಯ ಮನೆಯಿಂದಲೇ ನನ್ನನ್ನು ಕೇಳಿ ಬಂದರು. ಮದುವೆಯಾದ ಮೇಲೆ ಬೇರೆಯವರ ಮದುವೆಗೆ ಓಡಾಡುವುದು ಬೇಡ, ಅಂಗಡಿಯಲ್ಲಿ ಕೂತರೆ ಸಾಕು, ಇಷ್ಟೇ ಅವರ ಷರತ್ತು. ಹುಡುಗ ಕೆಟ್ಟವನಲ್ಲ, ಅದೇ ಕಷ್ಟವಾಗಿತ್ತು. ಬೇಡ ಎನ್ನಲು ಒಂದು ಕಾರಣ ಸಿಗಲಿಲ್ಲ. ನಾವು ಬೇಡ ಎಂದರೆ ಅಪ್ಪನ ಸೀರೆಗೆ ಆ ಅಂಗಡಿಯ ಬಾಗಿಲು ಮುಚ್ಚುವುದು ಗ್ಯಾರಂಟಿ. ಅಪ್ಪ ನನಗೆ ಯುಗಾದಿಯವರೆಗೆ ವಾಯಿದೆ ಕೊಟ್ಟರು. ಅಷ್ಟರೊಳಗೆ ಒಂದು ಮದುವೆ ನನ್ನ ಕೈಯಿಂದ ನಡೆದರೆ ಗದ್ವಾಲದವರಿಗೆ ಹೇಗಾದರೂ ತಿಳಿಸಿ ಹೇಳುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಒಪ್ಪಿಕೋ ಎಂದರು. ಹೇಗೆ ತಿಳಿಸಿ ಹೇಳುತ್ತಾರೆಂದು ನಾನು ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಇದನ್ನೆಲ್ಲ ಮುತ್ಯಾನ ಮುಂದೆ ಹೇಳಿಕೊಂಡಿದ್ದೆ. ಅವರು ಹೋಗುವ ಮದುವೆಗಳಿಗೆ ಕೆಲವು ಸಲ ನಾನೇ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದೆ, ಫೋಟೋ ಆಸೆಗೆ. ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಕಂಬಳಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂರುವರು. ಕೆ.ಟಿ. ದೊಡ್ಡಿಗೆ ಹೋಗುವ ದಾರಿಯಲ್ಲಿ ಒಂದು ದಿನ, "ಯುಗಾದಿಯೊಳಗ ನಾ ಒಂದು ಮದುವಿ ಮಾಡಸ್ಲಿಲ್ಲಂದ್ರ ನನಗ ಮದುವಿ ಮಾಡ್ತಾರ ಮುತ್ಯಾ. ಬ್ಯಾಡ ಅನ್ನಾಕೂ ಬರಂಗಿಲ್ಲ, ಅಪ್ಪನ ಮಗ್ಗ ನಿಂತಹೋಗತೈತಿ" ಎಂದೆ.

"ಆ ಕುರಿ ನೋಡು, ಕುಂಟಾಕ ಹತ್ತೈತಿ. ಕಾಲುಬ್ಯಾನಿ ಅದು. ಮಾಲಕ ಎಲ್ಲಿ ಹೋಗ್ಯಾನೋ" ಎಂದರು.

ಎಷ್ಟು ಸಿಟ್ಟು ಬಂತೆಂದರೆ ಮುಂದಿನ ಹಳ್ಳಿಯವರೆಗೆ ಬೇಕೆಂದೇ ತಗ್ಗುಗಳ ಮೇಲೆ ಸ್ಕೂಟರ್ ಹಾಯಿಸಿದೆ. ಕೇಳಿಸಿಕೊಂಡರೋ ಇಲ್ಲವೋ ತಿಳಿಯದಂತೆ ಇರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಮದುವೆ ಮನೆಯಲ್ಲೂ ಹಾಗೇ. ಎಲ್ಲರೂ ಮದುಮಗಳ ಮುಖ ನೋಡಿದರೆ ಇವರು ತಲೆ ತಗ್ಗಿಸಿ ಅವಳ ಕಾಲು ನೋಡುವರು. ಯಾಕೆಂದು ಕೇಳಿದ್ದಕ್ಕೆ, "ಮಾರಿಗೆ ಪೌಡರ್ ಹಚ್ಚಿರ್ತಾರವ್ವ. ಮನಸಿಲ್ಲದಾಕಿ ಕಾಲು ಎಳಕೋತ ಬರ್ತಾಳ" ಎಂದಿದ್ದರು. ಹಾಗೆ ಬಂದವಳನ್ನು ಕಂಡರೆ ಏನು ಮಾಡುತ್ತೀರಿ ಎಂದರೆ ಕಂಬಳಿಯ ಮಡಿಕೆ ಸರಿಮಾಡತೊಡಗಿದರು.

ನನ್ನ ಪೋರ್ಟ್‌ಫೋಲಿಯೊ ಎಂಬ ಆಲ್ಬಮ್ಮಿಗೆ ಅವರು ಪುರಾವೆ ಎಂಬರ್ಥದಲ್ಲಿ "ನಿನ್ನ ಸಬೂತು" ಎನ್ನುತ್ತಿದ್ದರು. ಫೋನಿನಲ್ಲಿ ಒಂದು ಆನ್‌ಲೈನ್ ಕ್ಲಾಸು ಕೇಳಿ, ಹೊಸಬರು ಒಂದು ಸುಳ್ಳು ಮದುವೆ ಮಾಡಿ ಫೋಟೋ ತೆಗೆಸಿಕೊಳ್ಳಬೇಕೆಂದು ನಾನು ಕಲಿತಾಗ ಅವರಿಗೆ ಬಹಳ ಆಶ್ಚರ್ಯವಾಯಿತು.

"ಮಾಡಿದ್ದಕ್ಕ ಸಬೂತು ಕೇಳೋದು ಕೇಳೇನಿ. ಮಾಡಲಾರದ್ದಕ್ಕೂ ಸಬೂತು ಮಾಡ್ತಾರೇನು?"

"ಎಲ್ಲಾರೂ ಮಾಡ್ತಾರ್ರಿ ಮುತ್ಯಾ. ನೀವು ಬಂದು ಕಂಬಳಿ ಹಾಸ್ರಿ ಸಾಕು."

ಬರುವುದಿಲ್ಲ ಎಂದುಕೊಂಡಿದ್ದೆ. ಟವೆಲು ಕೊಡವಲಿಲ್ಲ. "ಯಾವ ದಿನ?" ಎಂದರು.

ಯುಗಾದಿಗೆ ಇನ್ನು ಒಂದು ತಿಂಗಳು. ಮಕ್ತಲದ ಒಂದು ಫಂಕ್ಷನ್ ಹಾಲಿನವರು, ಸಂಜೆ ಒಂದು ನಿಶ್ಚಿತಾರ್ಥವಿದೆ, ಅಲ್ಲಿಯವರೆಗೆ ಬೇಕಾದ್ದು ಮಾಡಿಕೋ ಎಂದು ಬೀಗ ತೆಗೆದುಕೊಟ್ಟರು. ಅಪ್ಪನ ಮಗ್ಗದಿಂದ ಹೊಸ ಸೀರೆಗಳು, ಜೋಳದ ತೆನೆ, ಚೆಂಡುಹೂವು, ನಡುವೆ ಕರಿ ಕಂಬಳಿ. ಮದುಮಗಳಾಗಿ ಕೂರಲು ನಮ್ಮ ಓಣಿಯ ಗೆಳತಿಯೊಬ್ಬಳು ಒಪ್ಪಿದ್ದಳು. ಬೆಳಿಗ್ಗೆ ಅವಳ ತಾಯಿ ಫೋನು ಮಾಡಿ, "ಸುಳ್ಳ ಮದುವಿಗೆ ಬಾಸಿಂಗ ಕಟ್ಟಿದ್ರ ಖರೇ ಮದುವಿ ದೂರ ಹೋಗತೈತಿ" ಎಂದು ಬೈದು ಇಟ್ಟಳು. ಸ್ಟುಡಿಯೋದ ಅಣ್ಣ ಕ್ಯಾಮೆರಾ ಸಿದ್ಧ ಮಾಡಿಕೊಂಡು ನನ್ನ ಮುಖ ನೋಡಿದ. ನಾನೇ ಸೀರೆ ಉಟ್ಟು ಬಾಸಿಂಗ ಕಟ್ಟಿಕೊಂಡು ಬಂದೆ. ಗಂಡಿನ ಜಾಗದಲ್ಲಿ ಕೂರಲು ಯಾರೂ ಇರಲಿಲ್ಲ. ಒಂದು ಹಿತ್ತಾಳೆ ಕೊಡದ ಮೇಲೆ ರುಮಾಲು ಸುತ್ತಿಟ್ಟೆವು. ಅದನ್ನು ಮಬ್ಬಾಗಿ ತೆಗೆದರೆ ಗಂಡೇ ಕೂತಂತೆ ಕಾಣುತ್ತದೆ ಎಂದ ಅಣ್ಣ.

ಮುತ್ಯಾ ಕಂಬಳಿಯ ಅಂಚಿನ ದಶಿ ಎಳೆಗಳು ಪೂರ್ವಕ್ಕೆ ಬರುವಂತೆ ಹಾಸಿ, ಭಂಡಾರ ಉದುರಿಸಿ, ನನ್ನ ಹಣೆಗೂ ಹಚ್ಚಿದರು. ಫೋಟೋಗಳು ಚೆನ್ನಾಗಿಯೇ ಬಂದವು. ಅಣ್ಣ ಖುಷಿಯಿಂದ ಮೂರನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. "ಇವು ಎಲ್ಲೀತನ ಹೋಗತಾವಪ?" ಎಂದು ಮುತ್ಯಾ ಕೇಳಿದರು. "ಎಲ್ಲೀತನ ಬೇಕಾದ್ರೂ ಹೋಗತಾವ ಮುತ್ಯಾ" ಎಂದ ಅವನು. ಮುದುಕನಿಗೂ ಫೋಟೋದ ಹುಚ್ಚು ಹಿಡಿಯಿತೆಂದು ನನಗೆ ನಗು ಬಂತು.

ಎದ್ದೇಳಲು ಹೋದೆ. ಅವರು ಕೋಲು ಅಡ್ಡ ಹಿಡಿದರು.

"ಕೂಡವ್ವ. ಭಂಡಾರ ಬಿದ್ದ ಕಂಬಳಿ ಸುಮ್ಮಸುಮ್ಮನ ಎತ್ತಾಕ ಬರಂಗಿಲ್ಲ. ಹೆಣ್ಣಿನ ತಲಿ ಮ್ಯಾಲ ಅಕ್ಕಿ ಬೀಳಬೇಕು."

"ಫೋಟೋಕ್ಕರಿ ಮುತ್ಯಾ! ಸುಳ್ಳ ಮದುವಿ ಇದು, ನಿಮಗ ಹೇಳೇನಲ್ಲ."

"ಮದುವಿ ಸುಳ್ಳು. ಕಂಬಳಿ ಸುಳ್ಳಲ್ಲ."

ಟವೆಲು ಕೊಡವಿ, ಕಂಬಳಿಯ ಅಂಚಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಮೊದಲು ತಮಾಷೆ ಎಂದುಕೊಂಡೆ. ಸಂಜೆಯ ಅಡುಗೆಗೆ ಬಂದಿದ್ದ ಹೆಂಗಸರು ಅವರ ಮಾತು ಕೇಳಿ ಕಂಬಳಿಗೆ ಕೈ ಮುಗಿದು ಸುತ್ತ ನಿಂತರು. ಅವರೆಲ್ಲ ಬೀರಪ್ಪನ ಒಕ್ಕಲು. ನಾನು ದೇವರ ಕಂಬಳಿಯನ್ನು ತುಳಿದು ಎದ್ದು ಹೋದರೆ ಈ ಸುತ್ತಿನ ಯಾವ ಕುರುಬರ ಮನೆಯೂ ನನ್ನನ್ನು ಹೊಸ್ತಿಲು ಹತ್ತಿಸುವುದಿಲ್ಲ. ಕೂತರೆ, ಗಂಡೇ ಇಲ್ಲದ ಮದುವೆಯಲ್ಲಿ ಅಕ್ಕಿ ಬೀಳುವುದು ಯಾವಾಗ? ಬಾಸಿಂಗದ ದಾರ ಹಣೆಯನ್ನು ಕೊಯ್ಯುತ್ತಿತ್ತು. ಹತ್ತು ಗಂಟೆಗೆ ಕೂತವಳು ಮಧ್ಯಾಹ್ನ ಎರಡಾದರೂ ಅಲ್ಲೇ, ಪಕ್ಕದಲ್ಲಿ ರುಮಾಲು ಸುತ್ತಿದ ಕೊಡ. ಜೋಮು ಹಿಡಿದ ಕಾಲನ್ನು ಚಾಚಲೂ ಹೆದರಿಕೆ. ನಾನು ನಿಜವಾಗಿ ಅತ್ತೆ, ಮಂದಿಯ ಎದುರೇ ಬಿಕ್ಕಿಬಿಕ್ಕಿ ಅತ್ತೆ. ಮುತ್ಯಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದರು. ಅಣ್ಣನ ಸ್ಟೇಟಸ್ಸಿನ ಫೋಟೋ ಗದ್ವಾಲದವರೆಗೆ ಹೋಗಿತ್ತು, ಅಲ್ಲಿಂದ ಅವರಿಗೆ ಫೋನಿನ ಮೇಲೆ ಫೋನು. ನಿಮ್ಮ ಮಗಳು ಬಾಸಿಂಗ ಕಟ್ಟಿಕೊಂಡು ಯಾರ ಪಕ್ಕ ಕೂತಿದ್ದಾಳೆ ಎಂದು. ಅಪ್ಪ ಮುತ್ಯಾನ ಮುಂದೆ ಕೈ ಜೋಡಿಸಿದರು.

"ಯಜಮಾನ್ರ, ನಮ್ಮ ಇಜ್ಜತ್ ಉಳಸ್ರಿ. ಕಂಬಳಿ ಎತ್ರಿ."

"ಆಗಂಗಿಲ್ಲಪ" ಎಂದರು ಮುತ್ಯಾ.

ಮತ್ತೆ ಫೋನು ಬಡಿದುಕೊಂಡಿತು. ಹುಡುಗನ ದೊಡ್ಡಮ್ಮ. ಆ ಹೆಂಗಸಿನ ದನಿ ಬಾಗಿಲ ಬಳಿ ನಿಂತಿದ್ದ ಅಪ್ಪನ ಕಿವಿಯನ್ನು ದಾಟಿ ನನಗೂ ಕೇಳುತ್ತಿತ್ತು. "ಫೋಟೋಕ್ಕಂದ್ರ ಎದ್ದು ಬರ್ಬೇಕಿತ್ತಲ್ರಿ, ಇನ್ನೂ ಯಾಕ ಕುಂತಾಳ? ಒಂದ್ಸಲ ಕಂಬಳಿ ಮ್ಯಾಲ ಕುಂತಾಕಿ ನಮಗ ಬ್ಯಾಡ. ಸಿಟ್ಟಾಗಬ್ಯಾಡ್ರಿ, ಸೀರಿ ಯವಾರ ಹ್ಯಾಂಗೈತಿ ಹಾಂಗ ಇರ್ಲಿ." ಅಪ್ಪ ಫೋನು ಜೇಬಿಗೆ ಹಾಕಿ ಗೋಡೆಗೆ ಒರಗಿದರು.

"ಏನಂದ್ರು?" ಮುತ್ಯಾ ಕೇಳಿದರು.

"ಬ್ಯಾಡಂದ್ರು."

ಮುತ್ಯಾ ಚಹಾ ತರಿಸಿದರು. ಆರಾಮಾಗಿ ಊದಿ ಊದಿ ಕುಡಿದರು. ಆಮೇಲೆ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಅರ್ಧ ನನ್ನ ತಲೆಯ ಮೇಲೆ, ಅರ್ಧ ಕೊಡದ ಮೇಲೆ ಹಾಕಿ, "ಆತು. ಏಳವ್ವ" ಎಂದರು.

ನನಗೆ ತಲೆ ಕೆಟ್ಟುಹೋಯಿತು. "ಇಷ್ಟ ಆಗಿದ್ರ ಮುಂಜಾನೇ ಹಾಕಬೇಕಿತ್ತಲ್ರಿ!" ಎಂದು ಕಿರುಚಿದೆ.

"ಮುಂಜಾನಿ ದೇವ್ರು ಒಪ್ಪಿರಲಿಲ್ಲ" ಎಂದು ಕಂಬಳಿ ಮಡಚಿ ಬಗಲಿಗಿಟ್ಟುಕೊಂಡು, ನನ್ನ ಸ್ಕೂಟರಿಗೂ ಕಾಯದೆ ಬಸ್ಸು ಹತ್ತಿ ಹೋದರು.

ಆಮೇಲಿನದನ್ನು ಉದ್ದ ಹೇಳುವುದಿಲ್ಲ. ವರ್ಷವಿಡೀ ನನ್ನನ್ನು ಹೆಣ್ಣು ಕೇಳಿ ಯಾರೂ ಬರಲಿಲ್ಲ. ಅಮ್ಮ ಓಣಿಯಲ್ಲಿ ತಲೆಯೆತ್ತಲಿಲ್ಲ. ಆದರೆ ಆ ಫೋಟೋ ನೋಡಿ ಗಟ್ಟುವಿನ ಒಂದು ಕುರುಬರ ಮನೆಯವರು ಹುಡುಕಿಕೊಂಡು ಬಂದರು. ನಮ್ಮ ಕಂಬಳಿಗೆ ಮರ್ಯಾದೆ ಕೊಟ್ಟು ಆರು ತಾಸು ಕೂತ ಹುಡುಗಿ ಇವಳೇ ಎಂದು ತಮ್ಮ ಮದುವೆ ಪೂರ್ತಿ ನನ್ನ ಕೈಗೆ ಕೊಟ್ಟರು. ನಾಲ್ಕು ತಾಸು ಎಂದು ನಾನು ತಿದ್ದಲಿಲ್ಲ. ಅದೊಂದರಿಂದ ಇನ್ನೊಂದು, ಹೀಗೆ ಆಲ್ಬಮ್ಮು ತುಂಬಿತು. ಅಪ್ಪನ ಸೀರೆಗಳು ಗದ್ವಾಲಕ್ಕೆ ಹೋಗುತ್ತಲೇ ಇದ್ದವು. ಬೇಡ ಎಂದವರು ಅವರೇ ಆದ್ದರಿಂದ ಅಪ್ಪನ ಮುಂದೆ ತುಸು ಮೆತ್ತಗೇ ಇದ್ದರು.

ಮುತ್ಯಾನನ್ನು ಮಾತ್ರ ನಾನು ಮತ್ತೆ ಕರೆಯಲಿಲ್ಲ. ಕಂಬಳಿ ಹಾಸಲು ಗಟ್ಟುವಿನ ಬೇರೊಬ್ಬರನ್ನು ಗೊತ್ತು ಮಾಡಿಕೊಂಡೆ. ಗಿರಾಕಿಗಳು ಕೂತು ಬೇಸರವಾದಾಗ ಮೊಂಡ ಮುದುಕನೊಬ್ಬ ನನ್ನನ್ನು ಕೊಡಕ್ಕೆ ಮದುವೆ ಮಾಡಿಕೊಟ್ಟ ಕತೆ ಹೇಳುತ್ತಿದ್ದೆ. ಕೋಲು ಅಡ್ಡ ಹಿಡಿದಿದ್ದನ್ನು, ಚಹಾ ಊದಿದ್ದನ್ನು ಅವರ ಹಾಗೇ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಸುದ್ದಿ ತಿಳಿದ ಮರುದಿನ ದಾಮರಗಿದ್ದಕ್ಕೆ ಹೋದೆ. ಮನೆಯಲ್ಲಿ ಸೊಸೆ ಒಬ್ಬರೇ ಇದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಯಾರೆಂದು ಹೇಳುವ ಮೊದಲೇ, "ಕೊಡದ ಜೋಡಿ ಕುಂತಾಕಿ ಅಲ್ಲೇನ್ರಿ?" ಎಂದು ನಕ್ಕರು. ಸಾವಿನ ಮನೆ ಎಂಬುದನ್ನೂ ಮರೆತು ನನ್ನ ಹಳೆಯ ಸಿಟ್ಟು ಹೊರಗೆ ಬಂತು.

"ನಿಮ್ಮಲ್ಲಿ ಅದೆಂಥಾ ಶಾಸ್ತ್ರ ಅಕ್ಕ? ಅಕ್ಕಿ ಬೀಳೋತನ ಕಂಬಳಿ ಎತ್ತಬಾರದಂತ."

"ಯಾವ ಶಾಸ್ತ್ರ? ನಮ್ಮಲ್ಲಿ ಹಂಗೇನೂ ಇಲ್ಲಲ್ರಿ" ಎಂದರು. "ಒಮ್ಮೆ ಗಟ್ಟು ಕಡೆ ಒಂದು ಹಳ್ಯಾಗ ಹುಡುಗಿ ಕಂಬಳಿ ಮ್ಯಾಲ ಕುಂತು ಒಲ್ಲೆ ಅಂದ್ಲು. ಮಂದೆಲ್ಲ ಕೂಡಿ ಹೊಡಿಯಾಕ ಹ್ವಾದ್ರ, ನಮ್ಮ ಮಾವಾರೇ ಕಂಬಳಿ ಎಳದು ಬಗಲಾಗ ಇಟಗೊಂಡು, ಕಂಬಳಿ ನಂದು, ಎತ್ತೀನಿ, ಏಳವ್ವ ಅಂದು ಆಕಿನ್ನ ಕರಕೊಂಡು ಬಂದಿದ್ರು. ಎರಡು ದಿನ ಇಲ್ಲೇ ಇದ್ಲು ಆ ಹುಡುಗಿ."

"ಮತ್ತ ನನ್ನ ಯಾಕ ಕೂಡಿಸಿದ್ರು?"

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಗದ್ವಾಲದವ್ರು ಫೋನ್ ಮಾಡೋತನ ಕೂಡಿಸ್ಬೇಕಿತ್ತಂತಲ್ರಿ. ನೀವು ಬ್ಯಾಡಂದ್ರ ನಿಮ್ಮಪ್ಪನ ಸೀರಿ ನಿಲ್ತಿದ್ವಂತ, ಅವ್ರೇ ಬ್ಯಾಡನ್ನಬೇಕಿತ್ತಂತ. ನಿಮಗ ಹೇಳಿರ್ತಾರ ಅಂದ್ಕೊಂಡಿದ್ದೆ ನಾ."

ಹೇಳಿರಲಿಲ್ಲ. ಹೇಳಿದ್ದರೆ ನನಗೆ ಅಳು ಬರುತ್ತಿರಲಿಲ್ಲ, ಅಳದಿದ್ದರೆ ಅಪ್ಪನೂ ನಂಬುತ್ತಿರಲಿಲ್ಲ, ಗದ್ವಾಲದವರೂ ನಂಬುತ್ತಿರಲಿಲ್ಲ. ಆದರೂ ಆಮೇಲಾದರೂ ಒಂದು ಮಾತು ಹೇಳಬಹುದಿತ್ತು. ಆ ಬೇಸರ ನನಗೆ ಈಗಲೂ ಇದೆ. ನನ್ನನ್ನು ಕೇಳದೆ ನನ್ನ ಬದುಕಿನ ತೀರ್ಮಾನ ಮಾಡಿದವರಲ್ಲಿ ಅಪ್ಪನ ಹಾಗೆ ಇವರೂ ಒಬ್ಬರು. ಆದರೆ ಇವರೊಬ್ಬರೇ ಬಾಗಿಲು ತೆರೆದವರು, ಮತ್ತು ಅದಕ್ಕೆ ನಾನು ಕೊಟ್ಟಿದ್ದು ಗಿರಾಕಿಗಳ ಆ ನಗು.

"ಮತ್ತೊಮ್ಮೆ ಕರೀಬೇಕಂತ ಇತ್ತು..." ಎಂದು ಏನೋ ಸುಳ್ಳು ಜೋಡಿಸಲು ಹೋದೆ.

"ಅವ್ರೂ ಹಂಗ ಅಂತಿದ್ರು ನೋಡ್ರಿ" ಎಂದರು ಆಕೆ, ನನ್ನ ಮಾತನ್ನು ಪೂರ್ತಿ ನಂಬಿ. "ಕಾಲು ಬಿದ್ದು ನಡ್ಯಾಕ ಬರಲಾರದಂಗ ಆದ ಮ್ಯಾಲ ಬ್ಯಾರೆ ಯಾರು ಕರದ್ರೂ ಹೋಗ್ಲಿಲ್ಲ. ಲಗ್ನದ ಸುಗ್ಗಿ ಬಂತಂದ್ರ ಮಾತ್ರ ಕಂಬಳಿ ಬಿಸಲಿಗೆ ಹಾಕಸ್ತಿದ್ರು. ನಾರಾಯಣಪ್ಯಾಟಿ ಹುಡುಗಿ ಸ್ಕೂಟರ್ ತರ್ತಾಳ, ಅದರಾಗಾದ್ರ ಹೋಗಬಹುದು ಅಂತ."